ಅಪ್ಪನ ಗಾಡಿಗೊಂದು ಕೊಟ್ಟಿಗೆ ನೋಡಿದ್ದು

ಫೆಬ್ರವರಿ 9, ಭಾನುವಾರ. ಮೀಟರಿನಲ್ಲಿ 43,918. ನೋಟ್‌ಬುಕ್ಕಿನಲ್ಲಿ ಇಷ್ಟು ಬರೆದುಕೊಂಡು ಅಪ್ಪನ ಮೋಟಾರ್ ಸೈಕಲ್ಲಿಗೆ ಟಾರ್ಪಾಲು ಹೊದಿಸಿದೆ. ಆ ಮೀಟರಿನಲ್ಲಿ ಇರುವುದು ಐದೇ ಅಂಕಿ. ಎರಡು ಸಲ ಸೊನ್ನೆಗೆ ಬಂದು ಮತ್ತೆ ಹೊರಟಿದೆ. ನಡುವೆ ಕೇಬಲ್ ಕಡಿದು ಹನ್ನೊಂದು ತಿಂಗಳು ಅಂಕಿ ಕದಲಿರಲಿಲ್ಲ. ಎಲ್ಲ ಸೇರಿಸಿದರೆ ಗಾಡಿ ಎರಡೂವರೆ ಲಕ್ಷ ಕಿಲೋಮೀಟರ್ ಓಡಿರಬೇಕೆಂದು ನನ್ನ ಅಂದಾಜು. ಅದರಲ್ಲಿ ಮುಕ್ಕಾಲು ಪಾಲು ಮುಳಬಾಗಿಲು ತಾಲ್ಲೂಕಿನ ಮಣ್ಣುರಸ್ತೆಗಳಲ್ಲೇ.

ಹಿಂದಿನ ದಿನ ಕಣ್ಣಿನ ಡಾಕ್ಟರು ಅಪ್ಪನಿಗೆ ಹೇಳಿದ್ದರು: ಎಡಗಣ್ಣಿನಲ್ಲಿ ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿಕೊಂಡು ಕಾಪಾಡಿಕೊಳ್ಳಿ, ಇನ್ನು ಗಾಡಿ ಮುಟ್ಟಬೇಡಿ. ಅಪ್ಪ ತಲೆಯಾಡಿಸಿ ಬಂದಿದ್ದ. ಮನೆಗೆ ಬಂದವನೇ ಕೀಲಿಕೈಯನ್ನು ನನ್ನ ಕೈಗೆ ಕೊಡದೆ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟ. ನಾವೂ ಅದನ್ನು ತೆಗೆಯಲಿಲ್ಲ.

ಅಪ್ಪ ಪಶು ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದವನು. ನಿವೃತ್ತಿಯಾಗಿ ಎರಡು ವರ್ಷವಾಯಿತು. ಹಸು ಬೆದೆಗೆ ಬಂದಿದೆ ಎಂದು ಯಾರಾದರೂ ಹೇಳಿ ಕಳಿಸಿದರೆ ಅವರ ಮನೆ ಬಾಗಿಲಿಗೇ ಹೋಗಿ ಸೂಜಿ ಹಾಕಿ ಬರುವುದು ಅವನ ಮುಖ್ಯ ಕೆಲಸ. ಸರ್ಕಾರದ ಕಾಗದದಲ್ಲಿ ಏನೇ ಇರಲಿ, ಊರೂರಿನಲ್ಲಿ ಅವನು ದನದ ಡಾಕ್ಟ್ರು. ಗಾಡಿಯ ಎಡಗಡೆ ಒಂದು ಕಬ್ಬಿಣದ ಚೌಕಟ್ಟು ಬೆಸೆಸಿಕೊಂಡಿದ್ದ. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುವ, ಹೋರಿಯ ಬೀಜವನ್ನು ತಣ್ಣಗೆ ಕಾಪಾಡುವ ಕ್ಯಾನು ಅದರಲ್ಲಿ ಕೂರುತ್ತಿತ್ತು. ಮೂವತ್ತು ವರ್ಷ ಆ ಭಾರ ಹೊತ್ತ ಗಾಡಿ ಈಗ ಖಾಲಿ ನಿಂತಾಗಲೂ ಕೊಂಚ ಎಡಕ್ಕೆ ವಾಲಿದ ಹಾಗೆ ಕಾಣುತ್ತದೆ.

ನಾವಿರುವುದು ಕೋಲಾರದಲ್ಲಿ, ಅಪ್ಪ, ಅಮ್ಮ, ನಾನು. ನನಗೆ ಮಾಲೂರಿನ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ. ದಿನವಿಡೀ ಬಿಡಿಭಾಗಗಳನ್ನು ಅಳೆದು ತಾರೀಖು ಹಾಕಿ ಬರೆಯುತ್ತೇನೆ. ಆದರೆ ಬರೆಯುವ ಚಟ ಕೆಲಸಕ್ಕಿಂತ ಹಳೆಯದು. ಏಳನೇ ತರಗತಿಯಿಂದ ಇಟ್ಟ ನೋಟ್‌ಬುಕ್ಕುಗಳು ಹದಿನೇಳು ಆಗಿವೆ. ಶ್ರೀನಿವಾಸಪುರದ ಸೋದರಮಾವನ ತೋಟದಿಂದ ಯಾವ ವರ್ಷ ಎಷ್ಟು ಬುಟ್ಟಿ ಮಾವು ಬಂತು, ಮೊದಲ ಮಳೆ ಯಾವ ದಿನ, ಅಮ್ಮ ಎಷ್ಟು ದಿನ ಮಾತು ಬಿಟ್ಟಳು, ಎಲ್ಲ ಇದೆ. ಹಾಗಾಗಿ ಮರುವಾರವೂ ಟಾರ್ಪಾಲು ಎತ್ತಿ ಮೀಟರು ನೋಡಿದ್ದು ಅನುಮಾನದಿಂದಲ್ಲ, ಅಭ್ಯಾಸದಿಂದ.

ಫೆಬ್ರವರಿ 16, ಭಾನುವಾರ. 43,921.

ಮೂರು ಕಿಲೋಮೀಟರ್. ನಾನು ಅಪ್ಪನನ್ನೇ ಕೇಳಿದೆ.

“ಹಳೇ ಮೀಟ್ರು ಕಣಮ್ಮ, ನಿಂತಲ್ಲೇ ಓಡುತ್ತೆ,” ಎಂದ, ಪೇಪರಿನಿಂದ ಮುಖ ಎತ್ತದೆ.

“ನಿಂತಲ್ಲೇ ಪೆಟ್ರೋಲೂ ಕುಡಿಯುತ್ತಾ?”

“ಹಸು ಕಟ್ಟಾಕಿದ್ರೂ ಮೇವು ತಿನ್ನಲ್ವಾ?”

ಅಮ್ಮ ಅಡುಗೆಮನೆಯಿಂದ ನಕ್ಕಳು. ನಾನೂ ನಕ್ಕೆ. ಅದು ನನ್ನ ತಪ್ಪು. 23ನೇ ತಾರೀಖು ಅಂಕಿ 43,926 ಆಗಿತ್ತು, ಅಪ್ಪನ ಎಡಮೊಣಕೈ ಸುಲಿದಿತ್ತು. ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗುತ್ತೇನೆಂದು ಹೊರಡುವವನು ಗಾಡಿಯನ್ನು ಬೀದಿಯ ತಿರುವಿನವರೆಗೆ ತಳ್ಳಿಕೊಂಡು ಹೋಗಿ, ನಮಗೆ ಸದ್ದು ಕೇಳಿಸದಷ್ಟು ದೂರದಲ್ಲಿ ಕಿಕ್ ಹೊಡೆಯುತ್ತಿದ್ದನಂತೆ. ಅಂತರಗಂಗೆಯ ರಸ್ತೆಯಲ್ಲಿ ಒಂದು ಸುತ್ತು. ಆ ದಿನ ಎಡಗಡೆ ನಿಂತಿದ್ದ ತಳ್ಳುಗಾಡಿ ಅವನಿಗೆ ಕಾಣಲಿಲ್ಲ.

ಅಮ್ಮ ಅರಿಶಿನ ಹಚ್ಚುತ್ತ ಒಂದೇ ಮಾತು ಹೇಳಿದಳು. “ಇವತ್ತು ತಳ್ಳುಗಾಡಿ. ನಾಳೆ ಲಾರಿ ಇರುತ್ತೆ. ಯುಗಾದಿಗೆ ನಾನು ಮನೆ ತೊಳೆಯೋ ಹೊತ್ತಿಗೆ ಇದು ಅಂಗಳದಲ್ಲಿ ಇರಕೂಡದು. ಯಾರಿಗಾದ್ರೂ ಕೊಡಿ, ಇಲ್ಲ ಗುಜರಿಯವನನ್ನ ಕರೀತೀನಿ.”

ಗುಜರಿ ಎಂಬ ಮಾತಿಗೆ ಅಪ್ಪನ ಕೈ ಅಮ್ಮನ ಕೈಯೊಳಗೆ ಬಿಗಿಯಾದದ್ದನ್ನು ನೋಡಿದೆ. ಯುಗಾದಿಗೆ ಉಳಿದದ್ದು ಮೂವತ್ತೈದು ದಿನ. ಗಾಡಿ ಹೋಗದೆ ಇದ್ದರೆ ಅಪ್ಪ ಮತ್ತೆ ತಳ್ಳಿಕೊಂಡು ಹೋಗುತ್ತಾನೆ. ಒಪ್ಪಿಗೆಯಾಗದ ಕಡೆ ಹೋದರೆ ಅವನು ಒಳಗೊಳಗೇ ಕುಸಿಯುತ್ತಾನೆ. ಎರಡೂ ಆಗಬಾರದು. ಹುಡುಕುವ ಕೆಲಸ ನಾನು ಹೊತ್ತುಕೊಂಡೆ.

ಅಪ್ಪ ಒಂದು ಷರತ್ತು ಹಾಕಿದ. “ಹಸು ಕೊಡೋವಾಗ ಏನ್ ಮಾಡ್ತೀವಿ? ಅವರ ಮನೆಗೆ ಹೋಗಿ ಕೊಟ್ಟಿಗೆ ನೋಡ್ತೀವಿ, ನೀರೆಲ್ಲಿ ಕುಡಿಸ್ತಾರೆ ನೋಡ್ತೀವಿ, ಮನೆ ಹೆಂಗಸ್ರು ಹೆಂಗೆ ಮೈ ಮುಟ್ತಾರೆ ನೋಡ್ತೀವಿ. ಇದಕ್ಕೂ ಅಷ್ಟೇ. ಫೋನಲ್ಲಿ ಕೊಡೋದಿಲ್ಲ.”

ನಾನು ಒಂದು ನಮೂನೆ ತಯಾರಿಸಿದೆ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೆ ಐದು ಅಂಕ. ನೆರಳಿದೆಯೇ? ಹತ್ತಿರ ಮೆಕ್ಯಾನಿಕ್ ಇದ್ದಾರೆಯೇ? ಹಿಂದೆ ಹಳೆಯ ಗಾಡಿ ಓಡಿಸಿದ್ದಾರೆಯೇ? ಹೀಗೆ. ಗಾಡಿಯ ನಾಲ್ಕು ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕಿದೆ. ಅಪ್ಪನ ಹಳೆಯ ಗೆಳೆಯರು ಅದನ್ನು ಊರಿಂದೂರಿಗೆ, ಡೈರಿಯಿಂದ ಡೈರಿಗೆ ಕಳಿಸಿದರು. ಮಾರ್ಚ್ 11ರವರೆಗೆ ಬಂದ ಕರೆಗಳು ಇಪ್ಪತ್ತೆರಡು. ಹದಿಮೂರು ಜನ ಪೂರ್ತಿ ಮಾತಾಡುವ ಮುಂಚೆಯೇ ಕೊನೆಯ ರೇಟು ಕೇಳಿ ಫೋನಿಟ್ಟರು. ಒಬ್ಬರು ಇಂಜಿನ್ನು ಮಾತ್ರ ಸಾಕು, ಔಷಧಿ ಹೊಡೆಯುವ ಪಂಪಿಗೆ ಜೋಡಿಸುತ್ತೇನೆ ಎಂದರು. ಅದನ್ನು ನಾನು ಅಪ್ಪನಿಗೆ ಹೇಳಲೇ ಇಲ್ಲ.

ಮೊದಲು ನೋಡಲು ಹೋದದ್ದು ಹೆದ್ದಾರಿಯ ಬದಿಯ ಒಂದು ಹೊಸ ಹೋಟೆಲು, ಮುಳಬಾಗಿಲಿಗೆ ಇನ್ನೂ ಕೊಂಚ ಮುಂಚೆ. ಮಾಲೀಕರು ನಮಗೆ ದೋಸೆ ಕೊಡಿಸಿ, ಬಾಗಿಲ ಮೇಲಿನ ಗೋಡೆ ತೋರಿಸಿದರು.

“ಇಲ್ಲಿ ನೇತಾಕ್ತೀವಿ ಸಾರ್. ಸುತ್ತ ಲೈಟು ಬಿಡ್ತೀವಿ. ತಿರುಪತಿಗೆ ಹೋಗೋರೆಲ್ಲ ಇಳಿದು ನಿಮ್ ಗಾಡಿ ಕೆಳಗೇ ಸೆಲ್ಫಿ ತಗೋತಾರೆ.”

“ಗೋಡೆ ಗಟ್ಟಿ ಇದೆಯಾ?” ಅಪ್ಪ ಕೇಳಿದ.

“ಇದೆ ಸಾರ್, ಅದ್ಯಾಕೆ?”

“ನನ್ನೂ ಜೊತೆಗೇ ನೇತಾಕ್ಬಿಡಿ. ನಾನೂ ಓಡೋದು ನಿಲ್ಸಿದ್ದೀನಿ.”

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು, ದೋಸೆಯ ಬಿಲ್ಲು ತೆಗೆದುಕೊಳ್ಳಲಿಲ್ಲ. ಅಂಕ ಹಾಕುವ ಪ್ರಶ್ನೆಯೇ ಬರಲಿಲ್ಲ.

ಮಾರ್ಚ್ 9ರಂದು ಮಾಲೂರಿನ ಒಬ್ಬರನ್ನು ನೋಡಲು ಹೋದೆವು. ಇವರ ಮೇಲೆ ನನಗೆ ತುಂಬ ಭರವಸೆಯಿತ್ತು. ಫೋನಿನಲ್ಲೇ ನನ್ನ ಹತ್ತು ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಕೊಟ್ಟು ಐವತ್ತಕ್ಕೆ ನಲವತ್ತಾರು ಪಡೆದಿದ್ದರು. ಇಟ್ಟಿಗೆ ಗೂಡುಗಳ ಸಾಲು ದಾಟಿ ಹೊಸ ಬಡಾವಣೆಯಲ್ಲಿ ಅವರ ಮನೆ. ಹಿತ್ತಲಲ್ಲಿ ಟೈಲ್ಸ್ ಹಾಕಿದ ಶೆಡ್ಡು. ಒಳಗೆ ಏಳು ಹಳೆಯ ಮೋಟಾರ್ ಸೈಕಲ್ಲುಗಳು ಬಿಳಿಬಟ್ಟೆ ಹೊದ್ದು ಸಾಲಾಗಿ ನಿಂತಿದ್ದವು. ಅವರು ಒಂದೊಂದರ ಬಟ್ಟೆ ಸರಿಸಿ ತೋರಿಸುವಾಗ ಕೈ ಎಷ್ಟು ಮೃದುವಾಗಿತ್ತೆಂದರೆ ನನಗೆ ಆಗಲೇ ಕೆಲಸ ಮುಗಿಯಿತೆನಿಸಿತು.

“ಕಂಪನಿ ಬಣ್ಣನೇ ಹೊಡೆಸ್ತೀನಿ ಸಾರ್. ಎಡಗಡೆ ಆ ಕಬ್ಬಿಣ ಇದ್ಯಲ್ಲ, ಅದನ್ನ ಕತ್ತರಿಸಿ ತೆಗೆದ್ರೆ ಹೊಸದರ ಥರಾನೇ ಕಾಣುತ್ತೆ.”

“ಇವನ್ನೆಲ್ಲ ಯಾವಾಗ ಓಡಿಸ್ತೀರಾ?”

“ವರ್ಷಕ್ಕೊಂದ್ಸಲ ರ‍್ಯಾಲಿ ಇರುತ್ತೆ ಸಾರ್. ಮಿಕ್ಕ ದಿನ ಧೂಳು ತಾಗೋಕೂ ಬಿಡಲ್ಲ.”

ಅಪ್ಪ ಅವರಿಗೆ ಕೈಮುಗಿದು, ಬಹಳ ಚೆನ್ನಾಗಿ ಇಟ್ಟಿದ್ದೀರಾ ಎಂದು ಮನಸಾರೆ ಹೇಳಿದ. ಬಸ್ಸು ಟೇಕಲ್ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ, “ಒಳ್ಳೇ ಮನುಷ್ಯ. ಆದ್ರೆ ವರ್ಷಕ್ಕೊಂದು ದಿನ ಬಯಲಿಗೆ ಬಿಡ್ತಾನಂತೆ. ಹಸು ಆಗಿದ್ರೆ ಕಾಲು ಹಿಡ್ಕೊಂಡು ಬಿದ್ದೋಗ್ತಿತ್ತು,” ಎಂದ. ನಾನು ನಲವತ್ತಾರರ ಮೇಲೆ ಗೀಟು ಎಳೆದೆ.

ಮಾರ್ಚ್ 12, ಬುಧವಾರ, ಸಂಜೆ ಆರು ಹತ್ತಕ್ಕೆ ಇಪ್ಪತ್ತಮೂರನೇ ಕರೆ. ಹೆಂಗಸಿನ ದನಿ, ಹಿಂದೆ ಕ್ಯಾನುಗಳ ಸದ್ದು. ನಾನು ಪ್ರಶ್ನೆ ಶುರುಮಾಡುವ ಮೊದಲು ಆಕೆಯೇ ಕೇಳಿದಳು.

“ಮೇಡಂ, ಫೋಟೋದಲ್ಲಿ ಎಡಗಡೆ ಕ್ಯಾನ್ ಇಡೋ ಫ್ರೇಮ್ ಕಾಣುತ್ತಲ್ಲ, ಅದು ಈಗಲೂ ಗಟ್ಟಿ ಇದೆಯಾ? ನಲವತ್ತು ಲೀಟರ್ ತಡಿಯುತ್ತಾ?”

ಕುರುಡುಮಲೆಗೆ ಹೋಗುವ ರಸ್ತೆಯಿಂದ ಬಲಕ್ಕೆ ತಿರುಗಿ ನಾಲ್ಕು ಕಿಲೋಮೀಟರ್ ಒಳಗಿನ ಊರು. ಹನ್ನೊಂದು ಮನೆಗಳ ಹಾಲನ್ನು ಬೆಳಿಗ್ಗೆ ಸಂಜೆ ಪಕ್ಕದ ಊರಿನ ಡೈರಿಗೆ ಮುಟ್ಟಿಸುವುದು ಆಕೆಯ ಕೆಲಸ. ಇಷ್ಟು ದಿನ ತಮ್ಮನ ಗಾಡಿ ಬಳಸುತ್ತಿದ್ದಳು. ತಮ್ಮ ಈಗ ಚಿಂತಾಮಣಿಗೆ ಕೆಲಸಕ್ಕೆ ಹೋಗುವುದರಿಂದ ಗಾಡಿ ಅವನಿಗೇ ಬೇಕು. ಗಂಡ ಮಾಲೂರಿನಲ್ಲಿ ಇಟ್ಟಿಗೆ ಗೂಡಿನ ಲೆಕ್ಕ ಬರೆಯುವವರು, ವಾರಕ್ಕೊಮ್ಮೆ ಬರುತ್ತಾರೆ. ಲೈಸೆನ್ಸ್? “ಇದೆ ಮೇಡಂ, ಗೇರ್ ಗಾಡೀದೇ.” ಶೆಡ್ಡು? ಇಲ್ಲ. ಮೆಕ್ಯಾನಿಕ್? ಮುಳಬಾಗಿಲಿಗೇ ಹೋಗಬೇಕು. ಮನೆ ಗುರುತು? “ನೀರಿನ ಟ್ಯಾಂಕ್ ಎದುರು, ಹುಣಸೆಮರದ ಪಕ್ಕದ ಮನೆ. ನಮ್ಮತ್ತೆ ಮತ್ತೆ ನಾನು ಇರ್ತೀವಿ.” ಐವತ್ತಕ್ಕೆ ಹತ್ತೊಂಬತ್ತು.

ಅಪ್ಪ ನಮೂನೆಯನ್ನು ಬಲಗಣ್ಣಿಗೆ ಹತ್ತಿರ ಹಿಡಿದು ಓದಿದ. ಫ್ರೇಮಿನ ವಿಷಯಕ್ಕೆ ಬಂದಾಗ ಮುಖ ಅರಳಿತು. ಮನೆ ಗುರುತಿಗೆ ಬಂದಾಗ ಕಾಗದ ಮಡಚಿ ಮೇಜಿನ ಮೇಲಿಟ್ಟ.

“ಆ ಮನೆ ಬೇಡ.”

“ಯಾಕಪ್ಪ? ನೀನು ಕೇಳ್ತಿದ್ದುದೆಲ್ಲ ಇದೆ. ದಿನಾ ಎರಡು ಹೊತ್ತು ಓಡುತ್ತೆ.”

“ಬೇಡ ಅಂದ್ನಲ್ಲಮ್ಮ.”

ಅಮ್ಮ ಕ್ಯಾಲೆಂಡರ್ ನೋಡಿದಳು. ಮರುದಿನ ಬೆಳಿಗ್ಗೆ ರಾಗಿ ರೊಟ್ಟಿ ಮುರಿಯುತ್ತ ಅಪ್ಪನೇ ಬಾಯಿಬಿಟ್ಟ. ಇಪ್ಪತ್ತೆರಡು ವರ್ಷದ ಹಿಂದೆ ಆ ಮನೆಯಲ್ಲಿ ಒಂದು ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಮೊದಲ ಕರು, ಒಳಗೆ ಅಡ್ಡ ತಿರುಗಿತ್ತು. ಡಾಕ್ಟರು ರಜೆಯಲ್ಲಿದ್ದುದರಿಂದ ಇವನಿಗೇ ಹೇಳಿ ಕಳಿಸಿದರು. ಇವನು ಹೋಗುವಷ್ಟರಲ್ಲಿ ತಡವಾಗಿತ್ತು. ಹಸುವೂ ಉಳಿಯಲಿಲ್ಲ, ಕರುವೂ ಉಳಿಯಲಿಲ್ಲ. ಆ ಮನೆಗಿದ್ದದ್ದು ಅದೊಂದೇ ಹಸು.

“ಅಷ್ಟು ವರ್ಷದ ಮಾತು, ಅವರಿಗೆ ನೆನಪಿರುತ್ತಾ?” ಎಂದೆ.

“ನನಗಿದ್ಯಲ್ಲ.”

ನನ್ನ ಹದಿನೇಳು ನೋಟ್‌ಬುಕ್ಕುಗಳಲ್ಲಿ ಅಪ್ಪನ ಕೆಲಸದ ಬಗ್ಗೆ ಎಷ್ಟೋ ಲೆಕ್ಕಗಳಿವೆ. ಅವನ ಕೈಯಿಂದಾದ ಕರುಗಳೆಷ್ಟು ಎಂದು ಚಿಕ್ಕಂದಿನಲ್ಲಿ ಕೇಳಿ ಕೇಳಿ ಬರೆದುಕೊಂಡಿದ್ದೆ. ಹೋದ ಹಸುಗಳ ಬಗ್ಗೆ ಕೇಳಿರಲೇ ಇಲ್ಲ.

ಶುಕ್ರವಾರ ನನಗೆ ರಜೆಯಿತ್ತು. ಆ ದಿನವಾದರೂ ಹೋಗಿ ನೋಡಿ ಬರೋಣ ಎಂದಾಗ ಬೇಡವೆಂದದ್ದು ಅಮ್ಮ. “ಅಲ್ಲೇ ಒಪ್ಪಿಗೆ ಆಗಿಬಿಟ್ರೆ? ಶುಕ್ರವಾರ ಯಾರಾದ್ರೂ ಮನೆ ಲಕ್ಷ್ಮೀನ ಹೊರಗೆ ಕಳಿಸ್ತಾರಾ?” ಮೂರು ವಾರದಿಂದ ಗುಜರಿ ಗುಜರಿ ಎನ್ನುತ್ತಿದ್ದವಳ ಬಾಯಲ್ಲಿ ಗಾಡಿ ಲಕ್ಷ್ಮಿಯಾದದ್ದಕ್ಕೆ ಅಪ್ಪನಿಗೆ ನಗು ಬಂತು. ಆ ನಗುವಿನಲ್ಲೇ ಅವನು ಸಡಿಲವಾದ. ಶನಿವಾರ ಸಂಜೆ ಟಾರ್ಪಾಲು ತೆಗೆದು, ಬಕೆಟ್ಟಿನಲ್ಲಿ ನೀರು ತಂದು ಗಾಡಿಯ ಮೈ ತೊಳೆದ. ಚೈನಿಗೆ ಎಣ್ಣೆ ಬಿಟ್ಟ. “ನಾಳೆ ಹೋಗೋಣ. ಗಾಡೀಲೇ ಹೋಗೋಣ. ನೀನು ಓಡಿಸು.”

ಮಾರ್ಚ್ 16, ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಕಾಲೇಜು ಮೈದಾನದಲ್ಲಿ ಇದೇ ಗಾಡಿಯ ಮೇಲೆ ನನಗೆ ಓಡಿಸಲು ಕಲಿಸಿದವನು ಅಪ್ಪ. ಆದರೆ ಅವನು ನನ್ನ ಹಿಂದೆ ಕೂತು ಹೆದ್ದಾರಿಗೆ ಬಂದದ್ದು ಅದೇ ಮೊದಲು. ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುವುದು ನನಗೆ ಗೊತ್ತಾಗುತ್ತಿತ್ತು. ಮುಳಬಾಗಿಲು ಬರುವವರೆಗೆ “ಮೆಲ್ಲಗೆ” ಎಂದದ್ದು ಹದಿನಾಲ್ಕು ಸಲ. ಊರು ದಾಟಿ ಒಳರಸ್ತೆ ಹಿಡಿದ ಮೇಲೆ ಸುಮ್ಮನಾದ. ಒಂದೊಂದು ತಿರುವಿನಲ್ಲೂ ನಾನು ಕೇಳುವ ಮುಂಚೆ ನನ್ನ ಎಡಭುಜವನ್ನೋ ಬಲಭುಜವನ್ನೋ ಮುಟ್ಟುತ್ತಿದ್ದ. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ, ಟೊಮೇಟೊ, ನಡುನಡುವೆ ಬಂಡೆ. ಕೊನೆಯ ತಿರುವಿನಲ್ಲಿ ಅವನ ಕೈ ಭುಜದ ಮೇಲೆ ಹಾಗೇ ಉಳಿಯಿತು.

ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದೆ. ಹಾಲಿನಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಮೂವತ್ತೈದರ ಆಸುಪಾಸು, ಗಟ್ಟಿ ತೋಳು. ನಮ್ಮನ್ನು ನೋಡುವ ಮುಂಚೆ ಫ್ರೇಮನ್ನು ಹಿಡಿದು ಅಲ್ಲಾಡಿಸಿ ನೋಡಿದಳು. ಒಬ್ಬಳೇ ದೊಡ್ಡ ಸ್ಟ್ಯಾಂಡ್ ಹಾಕಿದಳು, ತೆಗೆದಳು. ಅಪ್ಪ ಅದನ್ನೆಲ್ಲ ಓರೆಗಣ್ಣಿನಲ್ಲಿ ನೋಡಿ ನನಗೆ ಮಾತ್ರ ಕಾಣುವ ಹಾಗೆ ತಲೆಯಾಡಿಸಿದ.

ಅಷ್ಟರಲ್ಲಿ ಜಗಲಿಯಿಂದ ಅವಳ ಅತ್ತೆಯ ದನಿ ಬಂತು. ಎಂಬತ್ತರ ಹತ್ತಿರದ ಅಜ್ಜಿ, ಅವರೆಕಾಯಿ ಬಿಡಿಸುತ್ತಿದ್ದರು. ಆ ಕಡೆಯವರ ಹಾಗೆ ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು.

“ಏಮೇ, ಈ ಸೌಂಡು ನಂಗೊತ್ತು. ಇದು ಆ ದನದ ಡಾಕ್ಟ್ರ ಗಾಡಿ ಅಲ್ವಾ?”

ಅಪ್ಪ ಮುಂದೆ ಹೋಗಿ ಕೈಮುಗಿದ. “ಹೌದಮ್ಮಾ. ನಾನೇ.”

ಅಜ್ಜಿ ಮೊರ ಪಕ್ಕಕ್ಕಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಈಗ ಬಂದ್ಯಾಪ್ಪಾ ಡಾಕ್ಟ್ರಪ್ಪಾ. ಈಗೇನು ನಮ್ಮನೇಲಿ ಯಾವ ಹಸುವೂ ಕರು ಹಾಕ್ತಿಲ್ಲ.” ಆಮೇಲೆ ಸೊಸೆಯ ಕಡೆ ತಿರುಗಿ, “ಇದು ಬೇಡ. ಬೇರೆ ನೋಡು,” ಎಂದರು.

“ಅತ್ತೆ, ಗಾಡಿ ಗಟ್ಟಿಮುಟ್ಟಾಗಿದೆ...”

“ವದ್ದು ಅಂದ್ರೆ ವದ್ದು. ನಿನಗೇನು ಗೊತ್ತು? ಆವತ್ತು ನಿಮ್ಮ ಮಾವ ಈ ಮರದ ಕೆಳಗೆ ನಿಂತು ಇದೇ ಸೌಂಡಿಗೆ ಕಾದ್ರು. ದಾರೀಲಿ ಪಂಚರ್ ಆಗಿ ಕೂತ್ಕೊಂಡಿತಂತೆ. ಒಂದು ಹಸು, ಒಂದು ಕರು ತಿಂದ ಗಾಡಿ ಇದು. ಇದನ್ನ ಮನೆ ಮುಂದೆ ಕಟ್ಕೊಂತೀಯಾ? ಹಾಲು ಹೊತ್ಕೊಂಡು ಹೋಗೋವಾಗ ಎಲ್ಲಿ ಕೂತ್ಕೊಳುತ್ತೋ!”

ಸೊಸೆ ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ. ಪಂಚರಿನ ವಿಷಯ ಅವನು ನಮಗೆ ಹೇಳಿರಲಿಲ್ಲ. ಹೊರಟುಬಿಡೋಣ ಎಂದು ನಾನು ಹೆಲ್ಮೆಟ್ ಕೈಗೆ ತೆಗೆದುಕೊಂಡೆ. ಅಪ್ಪ ಮಾತ್ರ ಕದಲಲಿಲ್ಲ. ಜಗಲಿಯ ಅಂಚಿಗೆ, ಅಜ್ಜಿಯ ಮೊರದ ಪಕ್ಕ, ಯಾರೂ ಕೂರು ಎನ್ನದೆಯೇ ಕೂತ.

“ಅಮ್ಮಾ, ಗಾಡಿದೇನೂ ತಪ್ಪಿಲ್ಲ. ಆವತ್ತು ಪಂಚರ್ ಆಗಿರಲಿಲ್ಲ.”

ಅಜ್ಜಿ ಅವನ ಕಡೆ ತಿರುಗಿದರು.

“ನಾನು ಬರೋ ದಾರೀಲಿ ಕೆರೆ ಹತ್ರ ಒಬ್ರು ಕೈ ಅಡ್ಡ ಹಾಕಿದ್ರು. ಹಸು ಬೆದೆಗೆ ಬಂದು ಬೆಳಿಗ್ಗೆಯಿಂದ ಕೂಗ್ತಾ ಇದೆ, ಈಗ ಬಿಟ್ರೆ ಆಗಲ್ಲ ಅಂದ್ರು. ಬೆದೆ ಕಾಯಲ್ಲ, ಮೊದಲನೇ ಕರು ಹೆಂಗೂ ನಿಧಾನ, ಅದು ಕಾಯುತ್ತೆ ಅಂದ್ಕೊಂಡೆ. ಅವರ ಮನೆ ಒಳಗಿತ್ತು, ಹಸು ನಿಲ್ಲಲಿಲ್ಲ, ಕಟ್ಟಿಸೋಕೆ ಹೊತ್ತಾಯ್ತು. ಇಲ್ಲಿಗೆ ಬಂದಾಗ ನಿಮ್ಮ ಯಜಮಾನ್ರು ಏನಾಯ್ತು ಸ್ವಾಮಿ ಅಂತ ಕೇಳಿದ್ರು. ನನಗೆ ಬಾಯಿ ಬರಲಿಲ್ಲ. ಪಂಚರ್ ಆಯ್ತು ಅಂದೆ.”

ಮರದಲ್ಲಿ ಅಳಿಲೊಂದು ಕೂಗುತ್ತಿತ್ತು. ಅಪ್ಪನ ಕೈಗಳು ಮಂಡಿಯ ಮೇಲಿದ್ದವು, ಅಂಗೈ ಮೇಲಾಗಿ. ಅವನು ಹಾಗೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅಜ್ಜಿ ಮೊರದಿಂದ ಒಂದು ಕಾಯಿ ತೆಗೆದುಕೊಂಡು ಕೇಳಿದರು. “ಆ ಕೆರೆ ಹತ್ರದೋರ ಹಸು... ಗಬ್ಬ ನಿಲ್ತಾ?”

ಅಪ್ಪ ತಲೆ ಎತ್ತಿದ. “ಇಲ್ಲಮ್ಮಾ. ಮೂರು ವಾರಕ್ಕೆ ತಿರುಗಿ ಬೆದೆಗೆ ಬಂತು.”

“ಅದೂ ನಿಲ್ಲಲಿಲ್ವಾ?”

“ನಿಲ್ಲಲಿಲ್ಲ.”

“ಅಯ್ಯೋ ದೇವುಡಾ,” ಎಂದು ಅಜ್ಜಿ ಹಣೆ ಚಚ್ಚಿಕೊಂಡರು. ಅದು ಅಳುವಿನ ಶುರುವೆಂದು ನಾನು ಹೆದರಿದೆ. ಆದರೆ ಅವರ ಹೆಗಲು ಕುಲುಕುತ್ತಿತ್ತು, ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲು ಕಾಣುತ್ತಿದ್ದವು. “ಅಲ್ಲಿಯದೂ ಆಗಲಿಲ್ಲ, ಇಲ್ಲಿಯದೂ ಉಳಿಯಲಿಲ್ಲ! ಎಂಥಾ ಡಾಕ್ಟ್ರಪ್ಪಾ ನೀನು!” ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒತ್ತಿಕೊಂಡರು. “ನಮ್ಮ ಯಜಮಾನ್ರು ಸಾಯೋವರೆಗೂ ಆ ಪಂಚರ್ ಹಾಕೋನನ್ನ ಬೈದ್ರು ಕಣಪ್ಪಾ. ಪಾಪ, ಯಾವನೋ ಏನೋ. ರಸ್ತೆ ಸರಿ ಇದ್ದಿದ್ರೆ ಅಂತ ಪಂಚಾಯ್ತಿಯೋರನ್ನ ಬೈದ್ರು. ನಿನ್ನ ಒಂದು ದಿನ ಬೈಲಿಲ್ಲ.”

ಅಪ್ಪನ ಕೆನ್ನೆ ಒದ್ದೆಯಾಗಿತ್ತು. ಎಡಗಣ್ಣಿನದು ಹನಿ ಔಷಧಿಯ ನೀರು ಎಂದು ಆಮೇಲೆ ನನ್ನೊಂದಿಗೆ ವಾದ ಮಾಡಿದ. ಬಲಗಣ್ಣಿನ ಬಗ್ಗೆ ಏನೂ ಹೇಳಲಿಲ್ಲ.

ಅಜ್ಜಿ ಕೋಲೂರಿಕೊಂಡು ಇಳಿದು ಬಂದು ಗಾಡಿಯನ್ನು ಒಂದು ಸುತ್ತು ಹಾಕಿದರು. ಟ್ಯಾಂಕಿನ ಮೇಲೆ ಅಂಗೈ ಇಟ್ಟರು, ಹಿಂದಿನ ಚಕ್ರವನ್ನು ಕೋಲಿನಿಂದ ತಟ್ಟಿದರು, ಸೀಟಿನ ಹರಿದ ಮೂಲೆಯನ್ನು ಬೆರಳಿನಿಂದ ಒಳಕ್ಕೆ ತುರುಕಿದರು. “ಎಡಗಡೆ ವಾಲುತ್ತೆ.”

“ಭಾರ ಹೊತ್ತು ಹೊತ್ತು ಹಂಗಾಗಿದೆ ಅಮ್ಮಾ. ಓಡೋವಾಗ ಸರಿ ಹೋಗುತ್ತೆ.”

“ಸುಳ್ಳು ಹೇಳ್ತಿಲ್ಲ ತಾನೇ?”

“ಇಲ್ಲಮ್ಮಾ.”

“ಸುಮ್ಮನೆ ಪಾಪದ್ದನ್ನ ಇಷ್ಟು ದಿನ ಬೈಕೊಂಡಿದ್ದೆ. ಇರ್ಲಿ ಬಿಡು,” ಎಂದು ಸೊಸೆಗೆ ಹೇಳಿದರು. “ಒಳಗಿಂದ ಕುಂಕುಮ ತಗೊಂಡು ಬಾ.”

ಬೆಲೆಯ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಅಪ್ಪ ಹೇಳಿದ್ದನ್ನು ಸೊಸೆ ಕಡಿಮೆಯಾಯಿತೆಂದು ಏರಿಸಿದಳು, ಅಪ್ಪ ಮತ್ತೆ ಇಳಿಸಿದ. ಕಾಗದಗಳಿಗೆ ಅವಳ ಗಂಡ ಬಂದ ದಿನ ಸಹಿ ಮಾಡುವುದೆಂದಾಯಿತು. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಕೀಲಿಕೈ ಕೊಡುವ ಹೊತ್ತಿಗೆ ಅಜ್ಜಿ ಅಪ್ಪನ ಕೈ ತಡೆದರು. ಕೀಲಿಕೈಗೆ ಒಂದು ಹಳೆಯ ಕಪ್ಪು ದಾರವಿತ್ತು. ಹಸು ಮಾರುವಾಗ ಹಗ್ಗ ಕೊಡುವುದಿಲ್ಲ, ಕೊಂಡವರು ತಮ್ಮ ಹಗ್ಗ ತರಬೇಕು. ಅಷ್ಟು ವರ್ಷ ದನಗಳ ನಡುವೆ ಇದ್ದವನಿಗೆ ಅದೂ ಮರೆತುಹೋಗಿತ್ತು. ಸೊಸೆ ರವಿಕೆಗೆ ಚುಚ್ಚಿದ್ದ ಪಿನ್ನು ತೆಗೆದು ಗಂಟು ಬಿಡಿಸಿಕೊಟ್ಟಳು. ದಾರ ಅಪ್ಪನ ಜೇಬಿಗೆ ಹೋಯಿತು. ಕೀಲಿಕೈಯನ್ನು ಅವಳು ತನ್ನ ಮನೆಯ ಬೀಗದ ಗೊಂಚಲಿಗೆ ಸೇರಿಸಿಕೊಂಡಳು.

ಸೊಸೆಯ ಮೊದಲ ಕಿಕ್ಕಿಗೆ ಗಾಡಿ ಏಳಲಿಲ್ಲ. ಎರಡನೆಯದಕ್ಕೂ ಇಲ್ಲ. ಅಪ್ಪ ಎರಡು ಹೆಜ್ಜೆ ಮುಂದೆ ಹೋದವನು ಅಲ್ಲೇ ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಪೂರ್ತಿ ಒತ್ತಬೇಡಮ್ಮಾ. ಅರ್ಧ ಒತ್ತು, ತಡೀತು ಅನ್ಸುತ್ತಲ್ಲ, ಅಲ್ಲಿ ನಿಲ್ಸು. ಹಾ. ಈಗ ಹೊಡಿ.” ಎದ್ದಿತು. ಅವಳು ಖಾಲಿ ಕ್ಯಾನು ಫ್ರೇಮಿನಲ್ಲಿ ಕೂರಿಸಿ, ಹಗ್ಗ ಬಿಗಿದು, ಮರದ ಸುತ್ತ ಎರಡು ಸುತ್ತು ಬಂದಳು. ಮೂರನೇ ಸುತ್ತಿಗೆ ಅಪ್ಪನ ಮುಂದೆ ನಿಲ್ಲಿಸಿದಳು.

“ಸಾರ್, ಹಾಲು ತಗೊಳ್ಳೋ ಕೊನೇ ಮನೇಲಿ ಒಂದು ಹಸು ನಿನ್ನೆಯಿಂದ ಮೇವು ಮುಟ್ತಿಲ್ಲ. ಹೊಟ್ಟೆ ಉಬ್ಬರ ಇದ್ದಂಗಿದೆ. ಒಂದ್ಸಲ ನೋಡ್ತೀರಾ?”

“ಈಗಲೇ ಹೋಗೋಣ,” ಎಂದ ಅಪ್ಪ. “ದಾರೀಲಿ ಯಾರು ಕೈ ಅಡ್ಡ ಹಾಕಿದ್ರೂ ನಿಲ್ಲಿಸ್ಬೇಡ.”

ಅಜ್ಜಿ ಜಗಲಿಯಿಂದ ಕೂಗಿದರು: “ಪಂಚರ್ ಆದ್ರೂ ನಿಲ್ಲಿಸ್ಬೇಡ!”

ಅಪ್ಪ ಅವಳ ಹಿಂದೆ ಹತ್ತಿ ಕೂತ. ಎಡಗಡೆ ಕ್ಯಾನು ಇದ್ದುದರಿಂದ ಕಾಲನ್ನು ಎಲ್ಲಿಡಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಫ್ರೇಮಿನ ಕೆಳಗಿನ ಪಟ್ಟಿಯ ಮೇಲೆ ಇಟ್ಟುಕೊಂಡ. ಗಾಡಿ ನೀರಿನ ಟ್ಯಾಂಕಿನ ಪಕ್ಕ ತಿರುಗಿ ಮನೆಗಳ ಹಿಂದೆ ಮರೆಯಾಯಿತು. ಸದ್ದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಇತ್ತು.

ನಾನು ಮರದ ಕೆಳಗೇ ನಿಂತಿದ್ದೆ. ಕೋಲಾರಕ್ಕೆ ಬಸ್ಸು ಎಷ್ಟು ಗಂಟೆಗೆ, ಮುಳಬಾಗಿಲವರೆಗೆ ಹೇಗೆ ಹೋಗುವುದು, ಅಮ್ಮನಿಗೆ ಫೋನು ಮಾಡಬೇಕು ಎಂದೆಲ್ಲ ಯೋಚಿಸುತ್ತಿದ್ದೆ. ಅಜ್ಜಿ ಮೊರವನ್ನು ಮತ್ತೆ ತೊಡೆಗೆಳೆದುಕೊಂಡು, ಪಕ್ಕದ ಜಾಗ ತಟ್ಟಿದರು.

“ಬಂದು ಕೂಚೋಮ್ಮಾ. ಆ ಮನೇಲಿ ಕಾಫಿ ಕುಡಿಸ್ದೆ ಕಳಿಸಲ್ಲ, ಅರ್ಧ ಗಂಟೆಯಾದ್ರೂ ಆಗುತ್ತೆ. ಅಲ್ಲೀವರೆಗೂ ಇದನ್ನ ಬಿಡಿಸು.”

ನಾನು ಕೂತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ.